ಸೀನಿಯರ್ ಮಾತು ಒಪ್ಪದ ಸಂದರ್ಭ: ಸಂದರ್ಶನದಲ್ಲಿ ಏನು ಹೇಳೋದು?

ಲಾ ಫರ್ಮ್ ಸಂದರ್ಶನದಲ್ಲಿ ‘ಸೀನಿಯರ್ ಮಾತನ್ನು ಒಪ್ಪದಿದ್ದ ಒಂದು ಸಂದರ್ಭ ಹೇಳಿ’ ಎಂದರೆ ಏನು ಹೇಳಲಿ, ಅಂಥ ದೊಡ್ಡ ಘಟನೆಯೇ ನಡೆದಿಲ್ಲ ಎಂದು ಕೇಳಿದ್ದೀರಿ. ದೊಡ್ಡದೇ ಆಗಬೇಕಿಲ್ಲ. ನೀವು ಹೇಗೆ ಯೋಚಿಸುತ್ತೀರಿ, ಹೇಗೆ ನಡೆದುಕೊಳ್ಳುತ್ತೀರಿ ಅನ್ನೋದನ್ನೇ ಅವರು ನೋಡುವುದು.

ಮೂಟ್ ಕೋರ್ಟ್ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ ಸ್ಪರ್ಧೆ) ತಂಡದಲ್ಲಿ ಸೀನಿಯರ್ ನೆಚ್ಚಿಕೊಂಡಿದ್ದ ತೀರ್ಪು ಮೇಲ್ಮನವಿಯಲ್ಲಿ ರದ್ದಾಗಿತ್ತು ಅಂದುಕೊಳ್ಳಿ. ‘ತಪ್ಪು ತೋರಿಸಿದೆ, ಒಪ್ಪಿಕೊಂಡರು’ ಎಂದು ಮುಗಿಸಿದರೆ ಏನೂ ಹೇಳಿದ ಹಾಗಾಗಲಿಲ್ಲ. ಹೀಗೆ ಹೇಳಿ: ‘ಎರಡೂ ತೀರ್ಪನ್ನು ಪೂರ್ತಿ ಓದಿದೆ. ನನ್ನದೇ ತಪ್ಪಿರಬಹುದಾ ಎಂದು ಮತ್ತೊಮ್ಮೆ ನೋಡಿದೆ. ಎಲ್ಲರೆದುರು ಹೇಳದೆ, ಅವರೊಬ್ಬರೇ ಇದ್ದಾಗ ಆ ಪ್ಯಾರಾ ತೋರಿಸಿದೆ. ಬದಲಿಗೆ ಬಳಸಬಹುದಾದ ಇನ್ನೊಂದು ತೀರ್ಪನ್ನೂ ತಗೊಂಡು ಹೋಗಿದ್ದೆ.’ ಉತ್ತರದ ಜೀವ ಇರೋದು ಇಲ್ಲೇ, ಇದಕ್ಕೇ ಜಾಸ್ತಿ ಸಮಯ ಕೊಡಿ. ಸ್ಟಾರ್ ವಿಧಾನ (ಸನ್ನಿವೇಶ, ಹೊಣೆ, ಮಾಡಿದ ಕೆಲಸ, ಫಲಿತಾಂಶ ಎಂಬ ಕ್ರಮದಲ್ಲಿ ಉತ್ತರ ಹೇಳೋದು) ಎಂದು ಎಲ್ಲರೂ ಹೇಳುತ್ತಾರಲ್ವಾ, ಅದರಲ್ಲಿ ಸನ್ನಿವೇಶಕ್ಕೆ ಎರಡು ವಾಕ್ಯ ಸಾಕು. ಹೆಚ್ಚಿನವರು ಅಲ್ಲೇ ಸಮಯ ಕಳೆದುಬಿಡುತ್ತಾರೆ.

ಸೀನಿಯರ್ ಒಪ್ಪದಿದ್ದರೂ ಪರವಾಗಿಲ್ಲ. ಆಮೇಲೆ ಅವರ ತೀರ್ಮಾನದಂತೆ ಮನಸ್ಸಿಟ್ಟು ಕೆಲಸ ಮಾಡಿದಿರಾ ಅನ್ನೋದೂ ಮುಖ್ಯ.

‘ನಾವು ಮಾಡಿದೆವು’ ಎನ್ನಬೇಡಿ, ನಿಮ್ಮ ಪಾಲು ಯಾವುದು ಎಂದು ಹೇಳಿ. ಸುಮ್ನೆ ಕಥೆ ಕಟ್ಟಲೂಬೇಡಿ, ‘ಆಗ ಅವರು ಏನಂದರು?’ ಎಂಬ ಮರುಪ್ರಶ್ನೆಗೇ ತಡವರಿಸುತ್ತೀರಿ. ಇಂಟರ್ನ್‌ಶಿಪ್ ಉದಾಹರಣೆ ಕೊಟ್ಟರೆ ಕಕ್ಷಿದಾರರ ಹೆಸರು, ಗುರುತು ಸಿಗುವ ವಿವರ ಯಾವುದೂ ಬಾಯಿಗೆ ಬರಬಾರದು. ಗುಟ್ಟು ಕಾಪಾಡುತ್ತೀರಾ ಎಂದು ಅವರು ಗಮನಿಸುತ್ತಿರುತ್ತಾರೆ.