ವಿಲ್ಯಾನ್ ಬಿಡಿ, ಅಪ್‌ಲಿಂಕ್ ಎಣಿಸಿ

40 ವಿಲ್ಯಾನ್‌ಗಳಿಗೆ (ಒಂದೇ ನೆಟ್‌ವರ್ಕನ್ನು ಪಾಲು ಮಾಡಿದ ಒಳಜಾಲಗಳು) 40 ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತು ಆಗದಂತೆ ಹೆಚ್ಚುವರಿ ಲಿಂಕ್ ಮುಚ್ಚಿಡುವ ವ್ಯವಸ್ಥೆ) ಇಡಬೇಕೇ ಅಥವಾ ಹಲವು ವಿಲ್ಯಾನ್‌ಗಳನ್ನು ಒಂದೇ ಟ್ರೀಗೆ ಸೇರಿಸುವ ಎಂಎಸ್‌ಟಿಗೆ ಹೋಗಬೇಕೇ ಎಂದು ಕೇಳಿದ್ದೀರಿ. ಲೆಕ್ಕವೇ ತಪ್ಪು. ಯಂತ್ರಗಳು ಸೇರುವ ಪ್ರತಿ ಆಕ್ಸೆಸ್ ಸ್ವಿಚ್‌ಗೆ ಅಪ್‌ಲಿಂಕ್ (ನಡುವಿನ ಕೋರ್ ಸ್ವಿಚ್‌ಗೆ ಹೋಗುವ ಕೇಬಲ್) ಎರಡೇ ಇದ್ದರೆ ಉಪಯೋಗಕ್ಕೆ ಬರುವ ಟ್ರೀಗಳೂ ಎರಡೇ. ಉಳಿದ 38 ಬರೀ ನಕಲು. ವಿಲ್ಯಾನ್‌ಗೊಂದು ಟ್ರೀ ಇಡುವ ಪಿವಿಎಸ್‌ಟಿಯಲ್ಲಿ ಆ ನಕಲುಗಳೂ ಎರಡು ಸೆಕೆಂಡಿಗೊಮ್ಮೆ ತಮ್ಮ ಪಾಲಿನ ಬಿಪಿಡಿಯು (ಟ್ರೀ ಕಟ್ಟಲು ಸ್ವಿಚ್‌ಗಳು ಪರಸ್ಪರ ಕಳುಹಿಸುವ ಸಂದೇಶ) ಕಳುಹಿಸುತ್ತಲೇ ಇರುತ್ತವೆ.

ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದಾಗ ಹೀಗೆಯೇ ಯೋಚಿಸಿ ಎಂಎಸ್‌ಟಿ ಹಾಕಿದೆ. ಎರಡು ಕೋರ್ ಸ್ವಿಚ್. ಮೊದಲ ಇನ್‌ಸ್ಟನ್ಸ್‌ಗೆ (ಎಂಎಸ್‌ಟಿಯ ಒಂದು ಟ್ರೀ) ಒಂದು ಕೋರ್ ರೂಟ್, ಅಂದರೆ ಟ್ರೀಯ ಬುಡ; ಎರಡನೆಯದಕ್ಕೆ ಇನ್ನೊಂದು. ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಕ್ಯಾಮೆರಾಗಳಿಗೆಂದು ವಿಲ್ಯಾನ್ 30 ಬೇಕಾಯಿತು. ಅದನ್ನು ಎರಡನೆಯ ಇನ್‌ಸ್ಟನ್ಸ್‌ಗೆ ಸೇರಿಸಿದೆ, ಮೊದಲ ಕೋರ್‌ನಲ್ಲಿ ಮಾತ್ರ. ಉಳಿದವನ್ನು ಊಟದ ನಂತರ ಮಾಡಿದರಾಯಿತು ಎಂದುಕೊಂಡೆ.

ಊಟ ಮುಗಿಯಲಿಲ್ಲ. ಡಿಸ್ಪ್ಯಾಚ್ ವಿಭಾಗದ ಸ್ಕ್ಯಾನರ್‌ಗಳು ತೆವಳತೊಡಗಿದವು, ಗೇಟಿನಲ್ಲಿ ಲಾರಿಗಳು ಸಾಲುಗಟ್ಟಿದವು. ಸ್ವಿಚ್‌ಗಳಲ್ಲಿ ಒಂದು ದೀಪವೂ ಕೆಂಪಾಗಿರಲಿಲ್ಲ.

ಆದದ್ದು ಇಷ್ಟು. ಪಕ್ಕದ ಸ್ವಿಚ್ ಒಂದೇ ರೀಜನ್‌ನದೋ (ಒಂದೇ ಎಂಎಸ್‌ಟಿ ಹಂಚಿಕೆ ಇರುವ ಸ್ವಿಚ್‌ಗಳ ಗುಂಪು) ಅಲ್ಲವೋ ಎಂಬುದನ್ನು ರೀಜನ್‌ಗೆ ನಾವಿಟ್ಟ ಹೆಸರು, ನಾವೇ ಕೊಟ್ಟ ರಿವಿಷನ್ ಸಂಖ್ಯೆ ಮತ್ತು ಯಾವ ವಿಲ್ಯಾನ್ ಯಾವ ಇನ್‌ಸ್ಟನ್ಸ್‌ಗೆ ಎಂಬ ಪಟ್ಟಿ, ಈ ಮೂರೂ ಸೇರಿ ನಿರ್ಧರಿಸುತ್ತವೆ. ಬಿಪಿಡಿಯುನಲ್ಲಿ ಪಟ್ಟಿ ಹೋಗುವುದಿಲ್ಲ, ಅದರಿಂದ ಲೆಕ್ಕ ಹಾಕಿದ ಡೈಜೆಸ್ಟ್ (ಚಿಕ್ಕ ಗುರುತು ಸಂಖ್ಯೆ) ಮಾತ್ರ ಹೋಗುತ್ತದೆ. ಒಂದು ವಿಲ್ಯಾನ್ ಜಾಗ ಬದಲಿಸಿದರೂ ಡೈಜೆಸ್ಟ್ ಪೂರ್ತಿ ಬೇರೆಯಾಗುತ್ತದೆ. ಆ ವಿಲ್ಯಾನ್‌ನಲ್ಲಿ ಒಂದೇ ಒಂದು ಯಂತ್ರ ಇಲ್ಲದಿದ್ದರೂ ಸರಿ. ರಿವಿಷನ್ ಸಂಖ್ಯೆ ಮುಟ್ಟಿಲ್ಲ, ಹಾಗಾಗಿ ತೊಂದರೆಯಿಲ್ಲ ಎಂದು ನಾನು ನಂಬಿದ್ದೆ. ಆ ಸಂಖ್ಯೆ ತಾನಾಗಿ ಏರುವುದೂ ಇಲ್ಲ, ಯಾರನ್ನೂ ಕಾಪಾಡುವುದೂ ಇಲ್ಲ. ಮೊದಲ ಕೋರ್ ಒಂಟಿ ರೀಜನ್ ಆಯಿತು. ಒಟ್ಟು ಜಾಲದ ರೂಟ್ ಕೂಡ ಅದೇ, ಸರ್ವರ್‌ಗಳು ಇದ್ದದ್ದೂ ಅದರಲ್ಲೇ. ಉಳಿದ ಸ್ವಿಚ್‌ಗಳೆಲ್ಲ ಅದರ ಕಣ್ಣಿಗೆ ಒಂದೇ ದೊಡ್ಡ ಸ್ವಿಚ್. ಒಂದು ಸ್ವಿಚ್‌ಗೆ ರೂಟ್ ಪೋರ್ಟ್, ಅಂದರೆ ರೂಟ್ ಕಡೆಗೆ ತೆರೆದ ಬಾಗಿಲು, ಒಂದೇ ತಾನೇ? ಎರಡು ಕೋರ್‌ಗಳ ನಡುವಿನ ಕೇಬಲ್ ಒಂದೇ ಉಳಿಯಿತು. ಶೆಡ್‌ಗಳಿಂದ ಮೊದಲ ಕೋರ್‌ಗೆ ಬರುತ್ತಿದ್ದ ಅಪ್‌ಲಿಂಕ್‌ಗಳೆಲ್ಲ ಬ್ಲಾಕ್ ಆದವು, ಎಲ್ಲರ ಸಂಚಾರವೂ ಆ ಒಂದೇ ಕೇಬಲ್ ಮೇಲೆ ಬಿತ್ತು.

ಆದ್ದರಿಂದ ಎಂಎಸ್‌ಟಿ ಹಾಕುವುದಾದರೆ 1ರಿಂದ 4094ರವರೆಗಿನ ಎಲ್ಲ ವಿಲ್ಯಾನ್ ಸಂಖ್ಯೆಗಳನ್ನೂ ಮೊದಲ ದಿನವೇ ಎರಡು ಇನ್‌ಸ್ಟನ್ಸ್‌ಗಳಿಗೆ ಹಂಚಿಬಿಡಿ, ಇನ್ನೂ ಹುಟ್ಟದ ವಿಲ್ಯಾನ್‌ಗಳನ್ನೂ ಸೇರಿಸಿ. ಮುಂದೆ ಪಟ್ಟಿ ಮುಟ್ಟುವ ಪ್ರಸಂಗವೇ ಬರಬಾರದು. ಟ್ರಂಕ್‌ಗಳಲ್ಲಿ (ಹಲವು ವಿಲ್ಯಾನ್ ಹೊರುವ ಲಿಂಕ್‌ಗಳು) ವಿಲ್ಯಾನ್ ಕತ್ತರಿಸುವ, ಅಂದರೆ ಕೆಲವನ್ನು ಹೋಗಗೊಡದ, ಚಟವನ್ನೂ ಬಿಡಿ: ಎಂಎಸ್‌ಟಿ ತೆರೆದಿಟ್ಟ ಲಿಂಕ್‌ನಲ್ಲೇ ನಿಮ್ಮ ವಿಲ್ಯಾನ್ ಇಲ್ಲದಿದ್ದರೆ ಇನ್ನೊಂದು ದಾರಿ ತೆರೆಯುವುದಿಲ್ಲ. ಇಷ್ಟು ಶಿಸ್ತು ನಿಮ್ಮ ತಂಡದಿಂದ ಆಗದು ಎನಿಸಿದರೆ, ಜೊತೆಗೆ ಸ್ವಿಚ್‌ಗಳೆಲ್ಲ ಒಂದೇ ಕಂಪನಿಯವಾಗಿದ್ದರೆ, ಪಿವಿಎಸ್‌ಟಿಯ ವೇಗದ ರೂಪವಾದ ರ‍್ಯಾಪಿಡ್ ಪಿವಿಎಸ್‌ಟಿಯಲ್ಲೇ ಇರಿ. ನಕಲುಗಳ ಖರ್ಚು 40ಕ್ಕೆ ದೊಡ್ಡದೇನಲ್ಲ.