ಕುಲ್ಲು, ಇರಿಕ್ಕ್, ಕೂತ್ಕೊ: ನಾಯಿಗೆ ಯಾವ ಭಾಷೆ?

ಪ್ರಶ್ನೆ: ನಮ್ಮದು ಬದಿಯಡ್ಕ ಹತ್ರ ಸಣ್ಣ ಊರು. ಯುವಕ ಮಂಡಲದವ್ರು ಸೇರಿ ಭಾನುವಾರ ಬೆಳಿಗ್ಗೆ ಎಂಟನೇ ಕ್ಲಾಸಿಂದ ಪ್ಲಸ್ ಟೂವರೆಗಿನ ಮಕ್ಳಿಗೆ ಅವರವರ ಮನೆ ನಾಯಿಗೆ ಟ್ರೈನಿಂಗ್ ಕೊಡ್ಲಿಕ್ಕೆ ಕಲಿಸುವ ಅಂತ ಹೊರಟಿದ್ದೇವೆ. ಆದ್ರೆ ಹಿರಿಯರು, ರೇಬೀಸ್ ಬಂದ್ರೆ ಯಾರು ಜವಾಬ್ದಾರಿ ಅಂತ ಕೇಳ್ತಾರೆ. ಮಕ್ಳಿಗೆ ಇದ್ರಿಂದ ಎಂತ ಸಿಗ್ತದೆ, ಎಲ್ಲಿಂದ ಶುರು ಮಾಡುವುದು?
(ಓದುಗರೊಬ್ಬರು, ಬದಿಯಡ್ಕ)

ಉತ್ತರ: ಖಂಡಿತ ಮಾಡಿ. ಹಿರಿಯರ ಹೆದರಿಕೆ ಸುಳ್ಳಲ್ಲ, ರೇಬೀಸ್ ಲಕ್ಷಣ ಒಮ್ಮೆ ಶುರುವಾದ್ರೆ ಮನುಷ್ಯ ಉಳಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಮೊದ್ಲು ಪಂಚಾಯತ್‌ನ ಮೃಗಾಸ್ಪತ್ರೆಗೆ ಹೋಗಿ ಡಾಕ್ಟ್ರ ಹತ್ರ ಮಾತಾಡಿ. ಮೂರು ತಿಂಗಳಾದ ಮರಿಗೆ ಮೊದಲ ಚುಚ್ಚುಮದ್ದು, ಮತ್ತೆ ಬೂಸ್ಟರ್, ಆಮೇಲೆ ಪ್ರತಿ ವರ್ಷ. ಸರ್ಟಿಫಿಕೇಟ್ ಇಲ್ಲದ ನಾಯಿ ಗ್ರೌಂಡಿಗೆ ಬರ್ಲೇಬಾರ್ದು, ಅದ್ರಲ್ಲಿ ದಾಕ್ಷಿಣ್ಯ ಬೇಡ. ನಾಯಿ ಜೊತೆ ದಿನಾ ಓಡಾಡುವ ಮಕ್ಳಿಗೆ ಮುಂಚಿತವಾಗಿ ಕೊಡುವ ಲಸಿಕೆಯೂ ಉಂಟು, ಪಿಎಚ್‌ಸಿಯಲ್ಲಿ ಕೇಳಿ.

ಮಕ್ಳಿಗೆ ಎಂತ ಸಿಗ್ತದೆ ಅಂದ್ರಲ್ಲ. ಅಮೆರಿಕದಲ್ಲಿ 1902ರಲ್ಲಿ ಒಹಾಯೊದ ಹಳ್ಳಿ ಮಕ್ಳ ಕ್ಲಬ್ಬಿಂದ ಶುರುವಾದ ಫೋರ್-ಎಚ್ ಅನ್ನುವ ಸಂಘಟನೆಯಲ್ಲಿ ಈಗಲೂ ಮಕ್ಳು ನಾಯಿ ತರಬೇತಿ ಕಲೀತಾರೆ. ಅಮೆರಿಕದ್ದೇ ಆರೆಗಾನ್ ರಾಜ್ಯದಲ್ಲಿ 1993ರಲ್ಲಿ, ತಪ್ಪು ಮಾಡಿ ಸುಧಾರಣಾ ಗೃಹ ಸೇರಿದ ಹುಡುಗರ ಕೈಗೆ ಆಶ್ರಯತಾಣದ ನಾಯಿಗಳನ್ನು ಕೊಟ್ರು, ಹುಡುಗರು ಕಲಿಸಿದ ನಾಯಿಗಳನ್ನು ಆಮೇಲೆ ಜನ ಮನೆಗೆ ಕರ್ಕೊಂಡು ಹೋಗ್ತಿದ್ರು. ಪ್ರಾಜೆಕ್ಟ್ ಪೂಚ್ ಅಂತ ಅದ್ರ ಹೆಸರು. ಯಾರಿಗೂ ಬೇಡದ ನಾಯಿ ತನ್ನ ಮಾತು ಕೇಳಿ ಕೂತದ್ದನ್ನು ನೋಡಿದ ಹುಡುಗನಿಗೆ ಏನನ್ನಿಸಿರಬಹುದು ಅಂತ ನಾನು ತುಂಬಾ ಸಲ ಯೋಚನೆ ಮಾಡಿದ್ದೇನೆ. ನಾಯಿ ಬೈದ್ರೆ ಕಲಿಯುವುದಿಲ್ಲ, ಹೊಡೆದ್ರೆ ಕಲಿಯುವುದು ಹೆದರಿಕೆ ಮಾತ್ರ, ಆದ್ರಿಂದ ಸಿಟ್ಟಿನ ಹುಡುಗ ತನ್ನ ಸ್ವರ ತಾನೇ ತಗ್ಗಿಸ್ಬೇಕಾಗ್ತದೆ, ಇದು ಕ್ಲಾಸಲ್ಲಿ ಯಾರೂ ಕಲಿಸ್ಲಿಕ್ಕಾಗದ ಪಾಠ.

ನಮ್ಮ ಕಡೆಯ ಒಂದು ವಿಷ್ಯ ಹೇಳ್ಲೇಬೇಕು. ಒಂದೇ ನಾಯಿಗೆ ಅಜ್ಜಿ ತುಳುವಿನಲ್ಲಿ ಕುಲ್ಲು ಅಂತಾರೆ, ಪಕ್ಕದ ಮನೆಯವ್ರು ಮಲಯಾಳದಲ್ಲಿ ಇರಿಕ್ಕ್ ಅಂತಾರೆ, ಮಗ ಕನ್ನಡದಲ್ಲಿ ಕೂತ್ಕೊ ಅಂತಾನೆ, ಟೀವಿ ನೋಡಿದವ ಸಿಟ್ ಅಂತಾನೆ, ನಾಯಿ ನಾಲ್ಕನ್ನೂ ಕೇಳಿ ಬಾಲ ಆಡಿಸಿ ನಿಂತ್ಕೊಳ್ತದೆ, ಅದು ದಡ್ಡ ಅಂತ ಏಟು ತಿನ್ತದೆ. ಹಾಗಾಗಿ ಮನೆಯವ್ರೆಲ್ಲ ಸೇರಿ ಒಂದು ಕೆಲ್ಸಕ್ಕೆ ಒಂದೇ ಶಬ್ದ ನಿಶ್ಚಯ ಮಾಡ್ಲಿ, ಜೊತೆಗೆ ಒಂದೇ ಕೈಸನ್ನೆ. ಕೈಸನ್ನೆಯನ್ನು ನಾಯಿ ಬೇಗ ಹಿಡಿತದೆ. ಕೂತ ತಕ್ಷಣ, ಒಂದೆರಡು ಸೆಕೆಂಡಿನೊಳಗೆ, ನೆಲಗಡಲೆಯಷ್ಟು ಬೇಯಿಸಿದ ಮೊಟ್ಟೆ ತುಂಡು ಕೊಡಿ, ತಡ ಆದ್ರೆ ಯಾವುದಕ್ಕೆ ಸಿಕ್ತು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಐದು-ಹತ್ತು ನಿಮಿಷ ಸಾಕು, ಟಾರ್ ರೋಡ್ ಬಿಸಿ ಆಗುವ ಮೊದ್ಲು ಮುಗಿಸಿ. ಚಾಕ್ಲೆಟ್, ದ್ರಾಕ್ಷಿ, ನೀರುಳ್ಳಿ ಬೇಡವೇ ಬೇಡ.

ತೋಟದ ಮೂಲೆಯಲ್ಲಿ ಹಗಲೆಲ್ಲ ಸಂಕೋಲೆಯಲ್ಲಿರುವ ನಾಯಿಗಳನ್ನು ನೀವೂ ನೋಡಿರ್ತೀರಿ. ನನ್ನ ಬಾಲ್ಯದ ಮನೆಯಲ್ಲೂ ಒಂದಿತ್ತು, ಹತ್ರ ಹೋದವ್ರಿಗೆಲ್ಲ ಹಾರ್ತಿತ್ತು, ಅದನ್ನು ಬಿಚ್ಚಿ ನಡೆಸಿದವ್ರು ಯಾರೂ ಇಲ್ಲ, ನೆನೆದ್ರೆ ಇವತ್ತಿಗೂ ಸಂಕಟ. ನಿಮ್ಮ ಮಕ್ಳಲ್ಲಿ ನಾಲ್ಕು ಜನ ಅಂಥ ನಾಯಿಯನ್ನು ದಿನಾ ಅರ್ಧ ಗಂಟೆ ನಡೆಸ್ಲಿಕ್ಕೆ ಕಲಿತ್ರೂ ಸಾಕು.

ಬೀದಿನಾಯಿಯನ್ನು ಮಕ್ಳು ಹಿಡಿಯುವುದು ಬೇಡ. ಅದು ಎಬಿಸಿ, ಅಂದ್ರೆ ಬೀದಿನಾಯಿಗೆ ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸುವವರ ಕೆಲ್ಸ, 2023ರ ನಿಯಮದ ಪ್ರಕಾರ ಟ್ರೈನಿಂಗ್ ಆದವ್ರೇ ಹಿಡೀಬೇಕು, ಡಾಕ್ಟ್ರೇ ಆಪರೇಷನ್ ಮಾಡ್ಬೇಕು.

ಪ್ರಶ್ನೆ: ಇಂಥ ನಾಯಿ ಟ್ರೈನಿಂಗ್ ಕ್ಯಾಂಪಿನಲ್ಲಿ ನಾಯಿ ಕಚ್ಚಿದ್ರೆ?
(ಓದುಗರೊಬ್ಬರು, ಪೆರ್ಲ)

ಉತ್ತರ: ಗೀರಾದ್ರೂ ಸರಿ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ಗಡಿಯಾರ ನೋಡಿ ತೊಳೀರಿ. ಸುಣ್ಣ, ಅರಿಶಿನ, ಕಾಫಿಪುಡಿ ಎಂತದೂ ಹಚ್ಬೇಡಿ. ಕೂಡಲೇ ಆಸ್ಪತ್ರೆ. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನಕ್ಕೆ, ಒಂದೂ ತಪ್ಪಿಸ್ಬಾರ್ದು, ಚರ್ಮ ಹರಿದು ರಕ್ತ ಬಂದಿದ್ರೆ ಕೂಡಲೇ ರಕ್ಷಣೆ ಕೊಡುವ ಇಮ್ಯುನೋಗ್ಲಾಬುಲಿನ್ ಅನ್ನುವ ಮದ್ದು ಕೂಡ ಬೇಕು. ಕಚ್ಚುವ ಮೊದ್ಲು ನಾಯಿ ಹೇಳ್ತದೆ: ಮೈ ಸೆಟೆದು ನಿಲ್ತದೆ, ತುಟಿ ನೆಕ್ತದೆ, ಸುಮ್ನೆ ಆಕಳಿಸ್ತದೆ, ಕಣ್ಣಿನ ಬಿಳಿ ಕಾಣ್ತದೆ. ಬಾಲ ಆಡಿದ ಕೂಡಲೇ ಅದು ಸ್ನೇಹ ಅಂತ ನಂಬ್ಬೇಡಿ. ಅದಕ್ಕೇ ಹೇಳುವುದು, ಮೊದಲ ಭಾನುವಾರ ನಾಯಿ ತರ್ಬೇಡಿ, ಮಕ್ಳು ಮಾತ್ರ ಬಂದು ಇದನ್ನು ಕಲೀಲಿ.