14ನೇ ದಿನವನ್ನೇ ನೆಚ್ಚಿಕೊಳ್ಳಬೇಡಿ

ಶಹಾಪುರದ ಓದುಗರೊಬ್ಬರು ಬರೆದಿದ್ದಾರೆ: "ಮದುವೆಯಾಗಿ ಒಂದೂವರೆ ವರ್ಷ, ಇನ್ನೂ ಮಗುವಾಗಿಲ್ಲ. ಮುಟ್ಟು 33–35 ದಿನಕ್ಕೊಮ್ಮೆ ಬರುತ್ತದೆ. ಮೊಬೈಲ್ ಆ್ಯಪ್ ಅಂಡಾಣು ಬಿಡುಗಡೆಯಾಗುವುದು 14ನೇ ದಿನ ಅನ್ನುತ್ತದೆ, ಅದನ್ನೇ ನಂಬಿದ್ದೇವೆ. ಅದಾಗಿ ಕೆಲವು ದಿನಕ್ಕೆ ತಿಳಿಯಾಗಿ, ಅಂಟಂಟಾಗಿ ಬಿಳಿ ಹೋಗುತ್ತದೆ. ಮೆಡಿಕಲ್‌ನಲ್ಲಿ ಕೇಳಿ ಮಾತ್ರೆ ನುಂಗಿದೆ. ಅತ್ತೆಯವರು ಕಲಬುರಗಿಯ ದವಾಖಾನೆಗೆ ಹೋಗೋಣ ಅನ್ನುತ್ತಿದ್ದಾರೆ. ಅಂಡಾಣು ಬಿಡುಗಡೆಯಾಗುವುದು ನಮಗೆ ತಿಳಿಯುತ್ತದೆಯೇ?"

ತಿಳಿಯುತ್ತದೆ ತಂಗಿ. ನೀವು ಕಾಯಿಲೆ ಅಂದುಕೊಂಡಿದ್ದೇ ಬಹುಶಃ ಅದರ ಗುರುತು.

14ನೇ ದಿನದ ಲೆಕ್ಕ 28 ದಿನಕ್ಕೆ ಮುಟ್ಟಾಗುವವರದು. ನೀವು ಹಿಂದಿನಿಂದ ಎಣಿಸಬೇಕು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡಾಣು ಹೊರಬರುತ್ತದೆ. 34 ದಿನ ಅಂತ ಹಿಡಿದರೆ ನಿಮಗದು ಮುಟ್ಟು ಶುರುವಾದ ದಿನದಿಂದ 20ನೇ ದಿನದ ಆಸುಪಾಸು. ಅಂಡಾಣು ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಮಾತ್ರ ಒಳಗೆ 5 ದಿನದವರೆಗೂ ಇರಬಲ್ಲದು. ಹಾಗಾಗಿ 15ರಿಂದ 21ನೇ ದಿನದವರೆಗೆ ದಿನ ಬಿಟ್ಟು ದಿನ ಕೂಡಿದರೆ ಸಾಕು.

ಇನ್ನು ಆ ಬಿಳಿ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಆಮೇಲೆ ಮಂದವಾಗಿ, ಕೊನೆಗೆ ಹಸಿ ಮೊಟ್ಟೆಯ ಬಿಳಿಯಂತೆ ಜಾರುತ್ತದೆ. ಎರಡು ಬೆರಳ ನಡುವೆ ಎಳೆದರೆ ತುಂಡಾಗದೆ ಎಳೆಯಾಗುತ್ತದೆ. ಆ ದಿನಗಳೇ ನಿಮಗೆ ಬೇಕಾದವು. ತುರಿಕೆ, ಕೆಟ್ಟ ವಾಸನೆ, ಒಡೆದ ಹಾಲಿನ ಹಾಗೆ ಗಂಟು ಇದ್ದರೆ ಮಾತ್ರ ಸೋಂಕಿನ ಅನುಮಾನ. ಆಗಲೂ ಡಾಕ್ಟರನ್ನು ಕೇಳಿ, ಮೆಡಿಕಲ್‌ನವರನ್ನಲ್ಲ.

ಕೆಲವರಿಗೆ ಕಿಬ್ಬೊಟ್ಟೆಯ ಒಂದು ಪಕ್ಕ ಸಣ್ಣಗೆ ನೋವು ಬರುತ್ತದೆ. ಬರದಿದ್ದರೂ ಚಿಂತೆಯಿಲ್ಲ.

ಬೆಳಿಗ್ಗೆ ಏಳುವ ಮೊದಲೇ ಥರ್ಮಾಮೀಟರ್ ಇಟ್ಟು ನೋಡಿ ಅಂತಲೂ ಹೇಳುತ್ತಾರೆ. ಅಂಡಾಣು ಬಿಡುಗಡೆಯಾದ ಮೇಲೆ ಮೈಬಿಸಿ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ನಿಜ. ಆದರೆ ಏರುವಷ್ಟರಲ್ಲಿ ಸಮಯ ಮುಗಿದಿರುತ್ತದೆ ಅಲ್ವಾ? ಸರಿಯಾಗಿ ನಿದ್ದೆಯಾಗದಿದ್ದರೂ ಆ ಲೆಕ್ಕ ತಪ್ಪುತ್ತದೆ. ನಮ್ಮ ಕಡೆಯ ಮೇ ತಿಂಗಳ ಸೆಕೆಯಲ್ಲಿ, ಮಾಳಿಗೆ ಮೇಲೆ ಹೊರಳಾಡುವ ಯಾರಿಗೆ ಸರಿ ನಿದ್ದೆ ಬರುತ್ತದೆ! ನನ್ನ ಕೇಳಿದರೆ ಅದು ನಿಮಗೆ ಬೇಡ. ಮೂತ್ರದಲ್ಲಿ ನೋಡುವ ಎಲ್‌ಎಚ್ ಸ್ಟ್ರಿಪ್ (ಅಂಡಾಣು ಬಿಡುಗಡೆಗೆ ಮೊದಲು ಏರುವ ಹಾರ್ಮೋನನ್ನು ತೋರಿಸುವ ಪಟ್ಟಿ) ವಾಸಿ. ಎರಡನೇ ಗೆರೆ ಮೊದಲ ಗೆರೆಯಷ್ಟೇ ಗಾಢವಾದರೆ ಒಂದೆರಡು ದಿನದಲ್ಲಿ ಬಿಡುಗಡೆ ಅಂತ ಅರ್ಥ. ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ಹೆಚ್ಚುಕಮ್ಮಿಯಾಗುವ ತೊಂದರೆ) ಇದ್ದವರಿಗೆ ಅದು ಸುಳ್ಳು ತೋರಿಸಬಹುದು.

ದವಾಖಾನೆಗೆ ಹೋಗುವುದು ಸರಿಯೇ. ವರ್ಷವಿಡೀ ಪ್ರಯತ್ನಿಸಿಯೂ ಆಗದಿದ್ದರೆ ತೋರಿಸಬೇಕು, 35 ವರ್ಷ ದಾಟಿದವರು 6 ತಿಂಗಳಿಗೇ. ಆದರೆ ಅತ್ತೆ-ಸೊಸೆ ಇಬ್ಬರೇ ಹೋದರೆ ಅರ್ಧ ಕೆಲಸ. ನಿಮ್ಮ ಯಜಮಾನರೂ ಬರಲಿ. ವೀರ್ಯ ಪರೀಕ್ಷೆ ಸುಲಭ, ನೋವಿಲ್ಲ. ಅದಕ್ಕೆ ಮೊದಲು 2ರಿಂದ 7 ದಿನ ಕೂಡಬಾರದು, ಅದನ್ನು ನೋಡಿಕೊಂಡೇ ಹೋಗುವ ದಿನ ಗೊತ್ತು ಮಾಡಿ. ಮುಟ್ಟಿನ ತಾರೀಕು ಬರೆದಿಟ್ಟ ಚೀಟಿ ಜೊತೆಗಿರಲಿ.